ಸೂತ್ರವಿಲ್ಲದ ಗೊಂಬೆಯ ಯಶಸ್ಸಿನ ಸೂತ್ರಗಳು

ಸೂತ್ರ ಅನ್ನುವ ಪದಕ್ಕೆ ನಮ್ಮಲ್ಲಿ ಎರಡು ಕೆಲಸ. ಗೊಂಬೆ ಕುಣಿಸುವ ದಾರಕ್ಕೂ ಅದೇ ಹೆಸರು, ಗೆಲ್ಲುವ ದಾರಿ ಹೇಳುವ ಚುಟುಕು ಮಾತಿಗೂ ಅದೇ ಹೆಸರು. ನಾನಿಲ್ಲಿ ಹೇಳಹೊರಟಿರುವ ಗೊಂಬೆಗೆ ಮೊದಲನೆಯ ಸೂತ್ರ ಇಲ್ಲವೇ ಇಲ್ಲ. ದಾರವಿಲ್ಲ, ಸಲಾಕೆಯಿಲ್ಲ, ತೊಗಲಿಲ್ಲ, ಹಿಂದೆ ದೀಪ ಹಚ್ಚಿದ ಪರದೆಯೂ ಇಲ್ಲ. ಕೈಗೆ ಗವಸಿನ ಹಾಗೆ ತೊಟ್ಟುಕೊಂಡರೆ ಮುಗಿಯಿತು. ಹಳದಿ ಮೈ, ಕಪ್ಪು ಕಿವಿ, ಕಪ್ಪು ಮೂಗು, ಗೇಣುದ್ದದ ಕರಡಿಮರಿ. ಹೆಸರು ಸೂಟಿ. ಬ್ರಿಟನ್ನಿನ ಮಕ್ಕಳು ಇದನ್ನು 1952ರಿಂದ ಟಿ.ವಿ.ಯಲ್ಲಿ ನೋಡುತ್ತ ಬಂದಿದ್ದಾರೆ. ಆಗ ನೋಡಿ ನಕ್ಕವರ ಮೊಮ್ಮಕ್ಕಳಿಗೂ ಈಗ ಮದುವೆ ವಯಸ್ಸು. ದೀರ್ಘಾಯುಷ್ಯದ ಲೆಕ್ಕದಲ್ಲಿ ಗಿನ್ನೆಸ್‌ನವರೂ ಇದರ ಹೆಸರು ಬರೆದುಕೊಂಡಿದ್ದಾರೆ.

ಪುಸ್ತಕದಂಗಡಿಗಳಲ್ಲಿ ಯಶಸ್ಸಿನ ಪುಸ್ತಕಗಳಿಗೆ ಒಂದು ಗೋಡೆಯೇ ಮೀಸಲು. ಹದ್ದಿನಿಂದ ಕಲಿಯಿರಿ, ಇರುವೆಯಿಂದ ಕಲಿಯಿರಿ, ಯಾವುದೋ ದೇಶದ ಕೋಟ್ಯಧೀಶನಿಂದ ಕಲಿಯಿರಿ. ಬಾಯಿ ಬಿಡದ, ಯಜಮಾನನ ಮುಖಕ್ಕೇ ನೀರು ಹಾರಿಸುವ ಕರಡಿಯಿಂದ ಕಲಿಯಿರಿ ಎಂದು ಬರೆದ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಖಾಲಿ ಜಾಗಕ್ಕೆ ಟವೆಲ್ ಹಾಕಿ ನಾನು ಕೂತಿದ್ದೇನೆ.

1. ಬಂಡವಾಳ ಹೂಡುವ ಮುಂಚೆ ಒಂದು ಮಗುವನ್ನು ನಗಿಸಿ

1948. ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಬ್ಲ್ಯಾಕ್‌ಪೂಲ್. ಅಲ್ಲಿನ ನಾರ್ತ್ ಪಿಯರ್ ಅನ್ನುವುದು 1863ರಲ್ಲಿ ಕಡಲೊಳಕ್ಕೆ ಚಾಚಿದಂತೆ ಕಟ್ಟಿದ ಕಾಲುಸೇತುವೆ. ಮೇಲೆ ಜಾತ್ರೆಯ ಥರ ಅಂಗಡಿಗಳು. ಸಂಸಾರದೊಂದಿಗೆ ರಜೆಗೆ ಬಂದಿದ್ದ ಹ್ಯಾರಿ ಕಾರ್ಬೆಟ್ ಎಂಬ ಎಂಜಿನಿಯರ್, ಮಗ ಡೇವಿಡ್‌ನನ್ನು ಆಡಿಸುವುದಕ್ಕೆಂದು ಅಲ್ಲಿ ಒಂದು ಕೈಗವಸಿನ ಗೊಂಬೆ ಕೊಂಡ. ಬೆಲೆ ಏಳು ಶಿಲಿಂಗ್ ಆರು ಪೆನ್ಸ್. ಪೌಂಡಿಗೆ 20 ಶಿಲಿಂಗ್ ಇದ್ದ ಕಾಲ ಅದು, ಅಂದರೆ ಅರ್ಧ ಪೌಂಡೂ ಆಗಲಿಲ್ಲ. ಕರಡಿಗೆ ಟೆಡ್ಡಿ ಎಂದು ಹೆಸರಿಟ್ಟರು. ಜಗತ್ತಿನ ಅರ್ಧ ಕರಡಿಗೊಂಬೆಗಳಿಗೆ ಇರುವ ಹೆಸರೇ.

ಮಾರುಕಟ್ಟೆ ಸಮೀಕ್ಷೆ ನಡೆಯಲಿಲ್ಲ, ಸಾಲಕ್ಕೆ ಅರ್ಜಿ ಹೋಗಲಿಲ್ಲ. ಹುಡುಗ ನಕ್ಕ, ಅಪ್ಪ ಇನ್ನೊಮ್ಮೆ ಆಡಿಸಿದ. ಕರಡಿ ಟಿ.ವಿ.ಗೆ ಬರುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷವನ್ನು ಯಾವ ಯಶಸ್ಸಿನ ಪುಸ್ತಕವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಹಾರದ ತಳಪಾಯ ಅಲ್ಲಿದೆ.

2. ಮುಚ್ಚಿದ ಬಾಗಿಲ ಮುಂದೆ ತುಂಬ ಹೊತ್ತು ನಿಲ್ಲಬೇಡಿ

ಹ್ಯಾರಿಗೆ ಪಿಯಾನೊ ವಾದಕನಾಗುವ ಆಸೆಯಿತ್ತು. ಒಂದು ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ದೊಡ್ಡ ಕಛೇರಿಯ ಕನಸು ಅಲ್ಲಿಗೇ ನಿಂತಿತು. ಆದರೂ ಪಿಯಾನೊ ಬಿಡಲಿಲ್ಲ. ಸೋದರಮಾವ ಹ್ಯಾರಿ ರ‍್ಯಾಮ್ಸ್‌ಡೆನ್ ಯಾರ್ಕ್‌ಷೈರಿನ ಗೈಸ್ಲಿಯಲ್ಲಿ 1928ರಲ್ಲಿ ಮರದ ಗುಡಿಸಲೊಂದರಲ್ಲಿ ಕರಿದ ಮೀನು ಮತ್ತು ಆಲೂಗಡ್ಡೆ ಚಿಪ್ಸ್ ಮಾರಲು ಶುರುಮಾಡಿ ಮುಂದೆ ದೇಶಕ್ಕೇ ಹೆಸರಾದವನು. ಆ ಮಾವನ ಹೋಟೆಲಿನಲ್ಲಿ ಅಳಿಯ ಪಿಯಾನೊ ನುಡಿಸಿದ. ಜೊತೆಗೆ ಸಣ್ಣಪುಟ್ಟ ಜಾದೂ ಕಲಿತ.

ತಮಾಷೆ ಏನೆಂದರೆ, ಕಿವಿ ಮಂದವಾಗಿದ್ದ ಈ ಮನುಷ್ಯ ಮುಂದಿನ ಜೀವಮಾನವೆಲ್ಲ ಅನ್ನ ತಿಂದದ್ದು ಒಂದು ಕರಡಿ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡೇ.

3. ಮಸಿ ಬಳಿಸಿಕೊಳ್ಳಲು ಹೆದರಬೇಡಿ

1952ರಲ್ಲಿ ಬಿಬಿಸಿಯ ‘ಟ್ಯಾಲೆಂಟ್ ನೈಟ್’ ಎಂಬ ಕಾರ್ಯಕ್ರಮದಲ್ಲಿ ಹ್ಯಾರಿಯೂ ಕರಡಿಯೂ ಕಾಣಿಸಿಕೊಂಡರು. ಆಗಿನ ಟಿ.ವಿ. ಕಪ್ಪು-ಬಿಳುಪು, ಪರದೆ ಪುಟ್ಟದು, ಚಿತ್ರ ಮಸುಕು. ಹಳದಿ ಕರಡಿ ಅದರಲ್ಲಿ ಬೂದುಬಣ್ಣದ ಮುದ್ದೆ. ಕಿವಿ ಎಲ್ಲಿ, ಮೂಗು ಎಲ್ಲಿ ಗೊತ್ತಾಗದು. ಹ್ಯಾರಿ ಒಂದಿಷ್ಟು ಹೊಗೆಮಸಿ ತೆಗೆದು ಕರಡಿಯ ಎರಡು ಕಿವಿಗೂ ಮೂಗಿಗೂ ಬಳಿದ. ಮುಖ ಎದ್ದು ಕಂಡಿತು. ಇಂಗ್ಲಿಷಿನಲ್ಲಿ ಮಸಿಗೆ ಸೂಟ್ ಅನ್ನುತ್ತಾರೆ. ಟೆಡ್ಡಿ ಸೂಟಿಯಾಯಿತು.

ಮುಖಕ್ಕೆ ಮಸಿ ಬಳಿದರೆ ನಮ್ಮಲ್ಲಿ ಮಾನ ಹೋದ ಲೆಕ್ಕ. ಈ ಕರಡಿಗೆ ಮಸಿ ಹತ್ತಿದ ಮೇಲೇ ಹೆಸರು ಬಂದದ್ದು. ಟಿ.ವಿ.ಗೆ ಬಣ್ಣ ಬಂದ ಮೇಲೆ ಮಸಿಯ ಅಗತ್ಯ ಇರಲಿಲ್ಲ. ಆದರೂ ಕಿವಿ-ಮೂಗು ಇವತ್ತಿಗೂ ಕಪ್ಪೇ. ಅವಸರಕ್ಕೆ ಮಾಡಿಕೊಂಡ ಒಂದು ತೇಪೆ ಗುರುತಿನ ಚೀಟಿಯಾಗಿ ಉಳಿಯಿತು. ನಿಮ್ಮ ಅಂಗಡಿಯ, ನಿಮ್ಮ ಕೆಲಸದ ಇಂಥ ತೇಪೆಗಳನ್ನು ಕಿತ್ತೆಸೆಯುವ ಮುಂಚೆ ಗಿರಾಕಿಗಳನ್ನು ಒಂದು ಮಾತು ಕೇಳಿ. ಅವರು ನಿಮ್ಮನ್ನು ಗುರುತಿಸುತ್ತಿರುವುದೇ ಆ ತೇಪೆಯಿಂದ ಇರಬಹುದು.

4. ನಿಮ್ಮ ಮಾತನ್ನು ಇನ್ನೊಬ್ಬರು ಆಡುವಂತೆ ಮಾಡಿ

ಸೂಟಿ ಮಾತಾಡುವುದಿಲ್ಲ. ಹ್ಯಾರಿಯ ಭುಜದ ಹತ್ತಿರ ಬಂದು ಕಿವಿಗೆ ಮೂಗು ತಾಗಿಸುತ್ತದೆ, ತಲೆ ಎರಡು ಸಲ ಅಲ್ಲಾಡುತ್ತದೆ. ಹ್ಯಾರಿ ಹುಬ್ಬು ಗಂಟಿಕ್ಕಿ, ಏನಂದೆ ಸೂಟಿ, ನೀರು ಬೇಕಾ, ಯಾತಕ್ಕಪ್ಪಾ ಈಗ ನೀರು ಎನ್ನುತ್ತಾನೆ. ಮಗುವಿಗೆ ಕೇಳಿದ್ದು ಹ್ಯಾರಿಯ ಧ್ವನಿ ಮಾತ್ರ. ಆದರೆ ರಾತ್ರಿ ಅಮ್ಮನಿಗೆ ವರದಿ ಒಪ್ಪಿಸುವಾಗ ‘ಸೂಟಿ ನೀರು ಕೇಳ್ತು’ ಎಂದೇ ಹೇಳುತ್ತದೆ.

ನಮಗೆ ಇದು ಹೊಸದಲ್ಲ. ಕೋಲೆಬಸವನನ್ನು ಆಡಿಸುವವನು ಮನೆ ಮುಂದೆ ಬಂದಾಗ ಏನಾಗುತ್ತಿತ್ತು? ಅಮ್ಮಾವ್ರಿಗೆ ಒಳ್ಳೇದಾಗುತ್ತಾ ಬಸವಾ ಎಂದು ಅವನು ಕೇಳಬೇಕು, ಬಸವ ತಲೆಯಾಡಿಸಬೇಕು. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಆದರೂ ಅಜ್ಜಿ ಮೊರದಲ್ಲಿ ಅಕ್ಕಿ ತಂದು ಕೈಮುಗಿಯುತ್ತಿದ್ದುದು ಬಸವನಿಗೆ.

ಹೀಗೆ ಬರೆದುಬಿಟ್ಟರೆ ಸಾಲದು ಅನ್ನಿಸಿ ನಾನೇ ಒಂದು ಭಾನುವಾರ ಪರೀಕ್ಷೆ ಮಾಡಿದೆ. ಜೋಡಿ ಕಳೆದುಕೊಂಡ ಬೂದು ಕಾಲುಚೀಲ ಒಂದಿತ್ತು. ಮಾರ್ಕರ್ ಪೆನ್ನಿನಲ್ಲಿ ಎರಡು ಕಣ್ಣು ಬರೆದು ಕೈಗೆ ಹಾಕಿಕೊಂಡು ತಂಗಿಯ ಮಗಳ ಮುಂದೆ ಕೂತೆ. ಅವಳಿಗೆ ಐದು ವರ್ಷ. ಕಾಲುಚೀಲ ನನ್ನ ಕಿವಿಯಲ್ಲಿ ಏನೋ ಹೇಳಿತು. ಇದಕ್ಕೆ ಬಿಸ್ಕತ್ತು ಬೇಕಂತೆ ಎಂದೆ. ಅವಳು ಒಳಗೆ ಓಡಿ ಬಿಸ್ಕತ್ತು ತಂದು ಕಾಲುಚೀಲದ ಮುಂದೆ ಹಿಡಿದಳು. ನನಗೆ ಉತ್ಸಾಹ ಬಂದು, ಯಾಕೆ ಬೇಕು, ಹಸಿವಾಗಿದೆಯಾ, ಬೆಳಿಗ್ಗೆ ತಿಂಡಿ ತಿಂದಿಲ್ವಾ ಎಂದು ಬಡಬಡಿಸತೊಡಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ‘ಮಾವ, ನೀವು ಸುಮ್ನಿರಿ. ಅವನು ಹೇಳ್ಲಿ’ ಅಂದಳು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಮೌನ ಸುಮ್ಮನೆ ಬಂಗಾರವಾಗುವುದಿಲ್ಲ, ಅದನ್ನು ಕೇಳಿಸಿಕೊಂಡು ಇನ್ನೊಬ್ಬರಿಗೆ ಹೇಳುವವನು ಒಬ್ಬ ಪಕ್ಕದಲ್ಲಿ ಬೇಕು. ಮೀಟಿಂಗಿನಲ್ಲಿ ನಿಮ್ಮ ಐಡಿಯಾವನ್ನು ನೀವೇ ನಾಲ್ಕು ಸಲ ಹೇಳಿದರೆ ಜಂಬ. ಪಕ್ಕದವರ ಕಿವಿಯಲ್ಲಿ ಹೇಳಿ, ಅವರು ಎದ್ದು ನಿಂತು ಇವರು ಹೀಗಂತಾರೆ ನೋಡಿ ಎಂದರೆ ಅದಕ್ಕೆ ಬೇರೆ ತೂಕ.

5. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟುವುದನ್ನು ಕಲಿಯಿರಿ

ಆಗುವುದಿಲ್ಲ ಎನ್ನುತ್ತೀರಿ. ಬಲಗೈ ಎತ್ತಿ ಹಿಡಿಯಿರಿ. ತೋರುಬೆರಳು ನೆಟ್ಟಗೆ ನಿಲ್ಲಲಿ, ಅದು ಗೊಂಬೆಯ ಕತ್ತು. ಹೆಬ್ಬೆರಳು ಒಂದು ಕೈ, ನಡುಬೆರಳು ಇನ್ನೊಂದು ಕೈ. ಉಳಿದ ಎರಡು ಬೆರಳು ಅಂಗೈಗೆ ಮಡಚಿಕೊಳ್ಳಲಿ. ಈಗ ಹೆಬ್ಬೆರಳನ್ನೂ ನಡುಬೆರಳನ್ನೂ ಒಂದಕ್ಕೊಂದು ತಾಗಿಸಿ. ಚಪ್ಪಾಳೆ.

ಕೈಗವಸಿನ ಗೊಂಬೆಯ ಶಕ್ತಿ ಇರುವುದು ಇಲ್ಲಿ. ಸೂತ್ರದ ಗೊಂಬೆ ಕುಣಿಯುತ್ತದೆ, ಹಾರುತ್ತದೆ, ನಮಸ್ಕಾರ ಮಾಡುತ್ತದೆ. ಆದರೆ ಮೇಜಿನ ಮೇಲಿಟ್ಟ ಚಮಚ ಎತ್ತಿಕೊಳ್ಳಲಾರದು. ತೊಗಲುಗೊಂಬೆ ರಾಮ-ರಾವಣರ ಯುದ್ಧವನ್ನೇ ಪರದೆ ಮೇಲೆ ತೋರಿಸಬಲ್ಲದು, ಆದರೆ ಒಂದು ಲೋಟ ಹಿಡಿಯಲಾರದು. ಗವಸಿನ ಗೊಂಬೆಯೊಳಗೆ ಇರುವುದು ಮನುಷ್ಯನ ಜೀವಂತ ಬೆರಳು. ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಸಿಕ್ಕಿದ್ದನ್ನೆಲ್ಲ ಅದು ಹಿಡಿಯುತ್ತದೆ. ಸೂಟಿಯ ಇಡೀ ಹಾಸ್ಯ ನಿಂತಿರುವುದು ಈ ಒಂದು ಸಾಮರ್ಥ್ಯದ ಮೇಲೆ. ಮರದ ಸುತ್ತಿಗೆ ಹಿಡಿದು ಹ್ಯಾರಿಯ ತಲೆಗೆ ಕುಟ್ಟುತ್ತದೆ. ನೀರುಪಿಸ್ತೂಲು ಹಿಡಿದು ಮುಖಕ್ಕೆ ಹಾರಿಸುತ್ತದೆ. ಸೈಲೊಫೋನಿನ ಮೇಲೆ ಕೋಲಿನಿಂದ ರಾಗ ಬಾರಿಸುತ್ತದೆ. ಮಂತ್ರದಂಡ ಬೀಸಿ ಜಾದೂ ಮಾಡುತ್ತದೆ, ಅದಕ್ಕೆ ‘ಇಜ್ಜಿ ವಿಜ್ಜಿ’ ಎಂದು ಶುರುವಾಗುವ ಒಂದು ಛೂಮಂತ್ರವೂ ಇದೆ. ಆ ಮಂತ್ರವನ್ನು ಸಭೆಯ ಮಕ್ಕಳೆಲ್ಲ ಒಟ್ಟಿಗೆ ಕೂಗಬೇಕು.

ಗಮನಿಸಿ, ಈ ಗೊಂಬೆಗೆ ಕಾಲಿಲ್ಲ. ಕಣ್ಣು ಮಿಟುಕದು, ಬಾಯಿ ತೆರೆಯದು, ಮುಖಭಾವ ಒಂದೇ. ತನ್ನಲ್ಲಿ ಇಲ್ಲದ್ದನ್ನು ತೋರಿಸಲು ಅದು ಹೋಗಲೇ ಇಲ್ಲ. ಕೈಯಲ್ಲಿ ಏನಾದರೂ ಹಿಡಿಯಬಲ್ಲೆ ಎಂಬ ಒಂದನ್ನು ಮಾತ್ರ ಎಪ್ಪತ್ತು ವರ್ಷ ದಾಟಿಯೂ ದುಡಿಸಿಕೊಳ್ಳುತ್ತಿದೆ. ಮಾವ ವರ್ಷಗಟ್ಟಲೆ ಮೀನು-ಚಿಪ್ಸ್ ಮಾರಿದ, ಅಳಿಯ ವರ್ಷಗಟ್ಟಲೆ ಒಂದು ಕರಡಿಯನ್ನು ಆಡಿಸಿದ. ಆ ಮನೆತನಕ್ಕೆ ಎರಡನೇ ಸರಕಿನ ಚಪಲ ಇರಲಿಲ್ಲ ಅನ್ನಿಸುತ್ತದೆ.

ಇನ್ನೊಂದು ಮಾತು, ಕಾಲುಚೀಲದ ಪರೀಕ್ಷೆಯಲ್ಲಿ ತಿಳಿದದ್ದು. ತೋಳೆತ್ತಿ ಗೊಂಬೆ ಹಿಡಿದ ಐದೇ ನಿಮಿಷಕ್ಕೆ ಭುಜ ಹಿಡಿದುಕೊಳ್ಳುತ್ತದೆ. ಗೊಂಬೆ ನಿಧಾನವಾಗಿ ಮುಂದಕ್ಕೆ ಬಾಗಿ ನಿದ್ದೆಗಣ್ಣಿನ ಹಾಗೆ ಕಾಣಿಸತೊಡಗುತ್ತದೆ. ಹಗುರ ಎಂದು ಕಾಣುವ ಕೆಲಸದ ಭಾರವನ್ನು ಯಾವುದೋ ಒಂದು ಭುಜ ಹೊತ್ತಿರುತ್ತದೆ. ನಾನು ಮರುದಿನ ಎಣ್ಣೆ ಹಚ್ಚಿಕೊಂಡೆ.

6. ಪೆಟ್ಟು ನೀವೇ ತಿನ್ನಿ

ಇದು ಎಲ್ಲಕ್ಕಿಂತ ಮುಖ್ಯವಾದ ಸೂತ್ರ. ಯಾವ ಮ್ಯಾನೇಜರೂ ಒಪ್ಪದ ಸೂತ್ರವೂ ಹೌದು.

ಇಂಗ್ಲೆಂಡಿನ ಗೊಂಬೆಯಾಟದಲ್ಲಿ ಸೂಟಿಗಿಂತ ಸುಮಾರು ಮುನ್ನೂರು ವರ್ಷ ಹಳೆಯ ವಂಶವೊಂದಿದೆ. ಪಂಚ್ ಎಂಬ ಕೊಕ್ಕೆಮೂಗಿನ ಗೂನುಬೆನ್ನಿನವನು, ಅವನ ಹೆಂಡತಿ ಜೂಡಿ. ಸ್ಯಾಮುಯೆಲ್ ಪೀಪ್ಸ್ ಎಂಬ ದಿನಚರಿಕಾರ 1662ರ ಮೇ 9ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಇಟಲಿಯ ಗೊಂಬೆಯಾಟ ನೋಡಿ ಬರೆದಿಟ್ಟ. ಪಂಚ್‌ನ ಹುಟ್ಟುಹಬ್ಬವೆಂದು ಅಲ್ಲಿನವರು ಆಚರಿಸುವುದು ಆ ದಿನವನ್ನೇ. ಕಡಲತೀರದಲ್ಲಿ ಪಟ್ಟೆ ಬಟ್ಟೆಯ ಡೇರೆ, ಅದರೊಳಗೆ ಅಡಗಿ ಕೂತ ಆಟಗಾರ. ಅವನನ್ನು ‘ಪ್ರೊಫೆಸರ್’ ಎಂದು ಕರೆಯುವುದು ವಾಡಿಕೆ. ಪಂಚ್ ಕೈಯಲ್ಲಿ ದೊಣ್ಣೆ. ಹೆಂಡತಿಗೆ ಬಡಿಯುತ್ತಾನೆ, ಪೊಲೀಸಿಗೆ ಬಡಿಯುತ್ತಾನೆ, ಮೊಸಳೆಯ ಜೊತೆ ಗುದ್ದಾಡುತ್ತಾನೆ. ಪ್ರೊಫೆಸರಿಗೆ ಮಾತ್ರ ಒಂದು ಏಟೂ ಬೀಳುವುದಿಲ್ಲ, ಡೇರೆಯೊಳಗೆ ಕ್ಷೇಮ.

ಹ್ಯಾರಿ ಮಾಡಿದ್ದು ಇಷ್ಟೆ. ಡೇರೆಯಿಂದ ಹೊರಗೆ ಬಂದು ಗೊಂಬೆಯ ಪಕ್ಕದಲ್ಲೇ ಮೇಜಿನ ಹಿಂದೆ ನಿಂತ. ಪೆಟ್ಟು ತಿನ್ನುವ ಪಾತ್ರವನ್ನು ತಾನೇ ವಹಿಸಿಕೊಂಡ. ಕೋಟು-ಟೈ ಹಾಕಿದ ದೊಡ್ಡ ಮನುಷ್ಯ, ಕೇಕು ಮಾಡುವುದು ಹೇಗೆಂದು ತಾಳ್ಮೆಯಿಂದ ಹೇಳಿಕೊಡುತ್ತಾನೆ. ಕರಡಿ ಹಿಟ್ಟಿನ ಬೋಗುಣಿಯನ್ನು ಅವನ ಮೇಲೇ ಸುರಿಯುತ್ತದೆ. ಅವನು ಕಣ್ಣೊರೆಸಿಕೊಂಡು, ಬೇಡಪ್ಪಾ ಸೂಟಿ, ಇನ್ನೊಂದು ಸಲ ಹಾಗೆ ಮಾಡಬೇಡ ಎನ್ನುತ್ತಾನೆ. ಇನ್ನೊಂದು ಸಲ ಆಗೇ ಆಗುತ್ತದೆ ಎಂದು ಮಕ್ಕಳಿಗೆ ಗೊತ್ತು. ಹ್ಯಾರಿಗೆ ಮಾತ್ರ ಗೊತ್ತಿಲ್ಲ. ದಿನವಿಡೀ ದೊಡ್ಡವರಿಂದ ಕೂತ್ಕೊ, ಮುಟ್ಬೇಡ, ಚೆಲ್ಬೇಡ ಅನ್ನಿಸಿಕೊಂಡ ಮಗುವಿಗೆ ಇದಕ್ಕಿಂತ ನ್ಯಾಯವಾದ ಜಗತ್ತು ಬೇರೆ ಇಲ್ಲ.

ಈಗ ಸ್ವಲ್ಪ ಯೋಚಿಸಿ. ಆ ಹಿಟ್ಟು ಸುರಿದ ಕೈ ಯಾರದು? ಹ್ಯಾರಿಯದೇ. ತನ್ನ ಕೈಯಿಂದ ತನ್ನ ಮುಖಕ್ಕೇ ಹಿಟ್ಟು ಎರಚಿಕೊಂಡು, ಆಮೇಲೆ ಬೆಚ್ಚಿಬಿದ್ದವನ ಹಾಗೆ ನಟಿಸಬೇಕು. ಒಂದು ಕೈ ತುಂಟ, ಮುಖ ಮುಗ್ಧ. ನಗುವೆಲ್ಲ ಕೈಗೆ ಹೋಗುತ್ತದೆ, ಹಿಟ್ಟೆಲ್ಲ ಮುಖಕ್ಕೆ ಬರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವುದು ನಮ್ಮ ಗಾದೆ. ಹ್ಯಾರಿಯ ಮನೆಯಲ್ಲಿ ಮುಖ ಕೆಸರಾದರೆ ಬಾಯಿ ಮೊಸರು.

ಕೈಕೆಳಗಿನವರು ತಪ್ಪು ಮಾಡಿದಾಗ ಪೆಟ್ಟು ಅವರಿಗೆ, ಗೆದ್ದಾಗ ಹಾರ ತನಗೆ ಎನ್ನುವ ಯಜಮಾನರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರು ಡೇರೆಯೊಳಗಿನ ಪ್ರೊಫೆಸರುಗಳು.

7. ಜೊತೆಗಾರರನ್ನು ಕರೆತರುವುದಕ್ಕೆ ಅವಸರ ಬೇಡ

ಮೊದಲ ಐದು ವರ್ಷ ಟಿ.ವಿ.ಯಲ್ಲಿ ಸೂಟಿಯದೇ ದರ್ಬಾರು. 1957ರಲ್ಲಿ ಸ್ವೀಪ್ ಬಂದ. ಬೂದುಬಣ್ಣದ, ಉದ್ದ ಕಿವಿಯ ಪೆದ್ದು ನಾಯಿ. ಸಾಸೇಜು ಕಂಡರೆ ಪ್ರಾಣ ಬಿಡುತ್ತದೆ. ಹೆಸರಿನಲ್ಲೇ ಒಂದು ಚೇಷ್ಟೆಯಿದೆ. ಸೂಟಿ ಅಂದರೆ ಮಸಿ ಹಿಡಿದದ್ದು, ಸ್ವೀಪ್ ಅಂದರೆ ಹೊಗೆಗೂಡಿನ ಮಸಿ ಗುಡಿಸುವವನು. ಆಡಿಸಿದವನು ಹ್ಯಾರಿಯ ತಮ್ಮ ಲೆಸ್ಲಿ ಕಾರ್ಬೆಟ್. ಈ ನಾಯಿಗೆ ಧ್ವನಿಯಿದೆ, ಮಾತಿಲ್ಲ. ಕೀಂವ್ ಕೀಂವ್ ಎಂದು ಕಿರುಗುಟ್ಟುತ್ತದೆ. ಸ್ಯಾಕ್ಸೊಫೋನಿನ ಪೀಪಿಯನ್ನು ಬಾಯಲ್ಲಿಟ್ಟುಕೊಂಡು ಊದಿ ಹೊರಡಿಸುವ ಸದ್ದು ಅದು. ಪಂಚ್‌ನ ಕೀಚಲು ದನಿಗೂ ಪ್ರೊಫೆಸರು ಬಾಯೊಳಗೆ ಲೋಹದ ಸಣ್ಣ ಪೀಪಿ ಇಟ್ಟುಕೊಳ್ಳುತ್ತಾನೆ, ನುಂಗದ ಹಾಗೆ ನೋಡಿಕೊಳ್ಳುವುದೇ ಅರ್ಧ ವಿದ್ಯೆ.

ಒಬ್ಬ ಪಿಸುಗುಡುತ್ತಾನೆ, ಇನ್ನೊಬ್ಬ ಕಿರುಗುಡುತ್ತಾನೆ. ಎರಡೂ ಅರ್ಥವಾಗುವುದು ಹ್ಯಾರಿಯೊಬ್ಬನಿಗೇ. ಮೂರನೆಯವಳು ಸೂ, ಪಾಂಡಾ ಹುಡುಗಿ, 1964ರಲ್ಲಿ ಬಂದಳು. ಅವಳೊಬ್ಬಳಿಗೆ ನೆಟ್ಟಗೆ ಮಾತು ಬರುತ್ತದೆ. ಧ್ವನಿ ಕೊಟ್ಟವಳು ಹ್ಯಾರಿಯ ಹೆಂಡತಿ ಮಾರ್ಜೊರಿ. ಮನೆಯಲ್ಲಿ ಬುದ್ಧಿ ಇರುವುದು ಸೂಗೆ, ಗಂಡಸರೆಲ್ಲ ಎಡವಟ್ಟು. ಸೂ ಬಂದಾಗ ಬಿಬಿಸಿಯ ಹಿರಿಯರಿಗೆ ಮಕ್ಕಳ ಕಾರ್ಯಕ್ರಮದೊಳಗೆ ಪ್ರಣಯ ನುಸುಳೀತೆಂದು ಕಳವಳವಾಗಿ, ಇರಲಿ ಆದರೆ ಸೂಟಿ-ಸೂ ಒಬ್ಬರನ್ನೊಬ್ಬರು ಮುಟ್ಟಕೂಡದು ಎಂದು ಷರತ್ತು ಹಾಕಿದರೆಂಬ ಕಥೆಯನ್ನು ಅಲ್ಲಿನವರು ಈಗಲೂ ನಕ್ಕು ಹೇಳುತ್ತಾರೆ. ಎರಡು ಗವಸುಗಳ ಶೀಲ ಕಾಯಲು ಒಂದು ದೇಶದ ಪ್ರಸಾರ ಸಂಸ್ಥೆ ಕೂತು ಚರ್ಚಿಸಿತೆಂದರೆ, ಗೊಂಬೆ ಎಷ್ಟು ನಿಜವಾಗಿತ್ತು ಎಂಬುದಕ್ಕೆ ಬೇರೆ ಸರ್ಟಿಫಿಕೇಟು ಬೇಡ.

1981ರಿಂದ ಸೂಗೆ ದನಿಯಾದವಳು ಬ್ರೆಂಡಾ ಲಾಂಗ್‌ಮನ್. ಅವಳು ದಶಕಗಟ್ಟಲೆ ಅದೇ ಕೆಲಸದಲ್ಲಿ ಉಳಿದಳು.

8. ಮುಖ ತೋರಿಸಿ. ಇಲ್ಲವೇ ಪೂರ್ತಿ ಮರೆಯಾಗಿ

ಎಡಬಿಡಂಗಿಯಾಗಬೇಡಿ ಅನ್ನುವುದಷ್ಟೇ ಇಲ್ಲಿನ ಮಾತು. ಬ್ರಿಟನ್ನಿನ ಇನ್ನೊಂದು ಪ್ರಸಿದ್ಧ ಗವಸಿನ ಗೊಂಬೆ ಬ್ಯಾಸಿಲ್ ಬ್ರಷ್, ಕೋಟು ತೊಟ್ಟ ನರಿ. ಪೀಟರ್ ಫರ್ಮಿನ್ ರೂಪಿಸಿಕೊಟ್ಟ ಗೊಂಬೆ. ಜೋಕು ಹೇಳಿ ತಾನೇ ‘ಬೂಮ್ ಬೂಮ್’ ಎಂದು ಗಹಗಹಿಸುತ್ತದೆ. 1968ರಿಂದ 1980ರವರೆಗೆ ಬಿಬಿಸಿಯಲ್ಲಿ ಅದರ ಹೆಸರಿನದೇ ಕಾರ್ಯಕ್ರಮ ನಡೆಯಿತು. ಆಡಿಸಿದ ಐವನ್ ಓವೆನ್ ಕೊನೆತನಕ ತೆರೆಯ ಮುಂದೆ ಬರಲಿಲ್ಲ, ಪ್ರಚಾರ ಬೇಕೆನ್ನಲಿಲ್ಲ. ಜನರ ಪಾಲಿಗೆ ಇದ್ದದ್ದು ನರಿಯೊಂದೇ. ಹ್ಯಾರಿ ಪೂರ್ತಿ ಹೊರಗೆ, ಐವನ್ ಪೂರ್ತಿ ಒಳಗೆ. ಇಬ್ಬರೂ ಗೆದ್ದರು.

9. ಹೆಸರಿನ ಒಂದು ಅಕ್ಷರವನ್ನೂ ಕಡೆಗಣಿಸಬೇಡಿ

ಅದೇ ಕಾಲದಲ್ಲಿ ಇನ್ನೊಬ್ಬ ಹ್ಯಾರಿ ಕಾರ್ಬೆಟ್ ಇದ್ದ, ನಟ. ಸೂಟಿಯ ಯಜಮಾನನೊಂದಿಗೆ ಗೊಂದಲವಾಗದಿರಲೆಂದು ಅವನು ನಡುವೆ ಒಂದು ‘ಎಚ್’ ಸೇರಿಸಿಕೊಂಡು ಹ್ಯಾರಿ ಎಚ್. ಕಾರ್ಬೆಟ್ ಆದ. ‘ಸ್ಟೆಪ್ಟೊ ಆಂಡ್ ಸನ್’ ಎಂಬ ಹಾಸ್ಯ ಧಾರಾವಾಹಿಯಿಂದ ಮನೆಮಾತಾದ. ಪ್ರಧಾನಿ ಹೆರಾಲ್ಡ್ ವಿಲ್ಸನ್ ಕಾಲದಲ್ಲಿ ಈ ನಟನಿಗೆ ಒಬಿಇ ಬಿರುದು ಕೊಡುವುದೆಂದಾಯಿತಂತೆ. ಕಡತದಲ್ಲಿ ಎಲ್ಲೋ ಆ ‘ಎಚ್’ ಉದುರಿಹೋಗಿ ಬಿರುದು ಕರಡಿಯವನ ಮನೆಗೆ ಹೊರಟಿತಂತೆ. ಕೊನೆಗೆ 1976ರ ಹೊಸವರ್ಷದ ಪಟ್ಟಿಯಲ್ಲಿ ಇಬ್ಬರಿಗೂ ಬಂತು. ಕಡತದ ಕಥೆಯನ್ನು ಜನ ಹೇಳುವಷ್ಟು ನಂಬಿ, ಇಬ್ಬರಿಗೂ ಒಬಿಇ ಬಂದದ್ದು ಮಾತ್ರ ಖಚಿತ.

ಸೂಟಿಯ ಹ್ಯಾರಿಯ ಇನ್ನೊಬ್ಬ ಮಗನದೂ ಹೆಸರಿನ ಪಾಡೇ. ಹುಟ್ಟಿದಾಗ ಪೀಟರ್. ನಟರ ಸಂಘದಲ್ಲಿ ಆ ಹೆಸರಿನವನು ಆಗಲೇ ಒಬ್ಬನಿದ್ದ. ಮ್ಯಾಥ್ಯೂ ಎಂದು ಬದಲಾಯಿಸಿಕೊಂಡ.

10. ಮನೆಯವರೇ ಆದರೂ ಲೆಕ್ಕ ಇರಲಿ

ಮ್ಯಾಥ್ಯೂ ಹುಟ್ಟಿದ್ದು 1948ರಲ್ಲಿ, ಕರಡಿ ಮನೆಗೆ ಬಂದ ವರ್ಷವೇ. ಒಂದು ಲೆಕ್ಕದಲ್ಲಿ ಇಬ್ಬರೂ ಅಣ್ಣತಮ್ಮಂದಿರು. ಹ್ಯಾರಿಗೆ 1975ರ ಕೊನೆಗೆ ಹೃದಯಾಘಾತವಾಯಿತು. ಮ್ಯಾಥ್ಯೂ ಆಗ ‘ರೇನ್‌ಬೋ’ ಎಂಬ ಇನ್ನೊಂದು ಮಕ್ಕಳ ಕಾರ್ಯಕ್ರಮದ ಹಾಡುಗಾರರ ತಂಡದಲ್ಲಿದ್ದ. ಅದನ್ನು ಬಿಟ್ಟು 1976ರಲ್ಲಿ ಅಪ್ಪನ ಜಾಗಕ್ಕೆ ಬಂದ. ಅಪ್ಪ ಮಗನಿಗೆ ಕರಡಿಯನ್ನು ಹರಸಿ ಕೊಟ್ಟನೆಂದುಕೊಂಡಿರಾ? 35,000 ಪೌಂಡಿಗೆ ಮಾರಿದ. ಮಗ ಕೊಂಡ.

ಕೇಳಿದಾಗ ನನಗೆ ಕಸಿವಿಸಿಯಾಯಿತು. ಆಮೇಲೆ ನಮ್ಮ ಸಂಬಂಧಿಕರಲ್ಲೇ ‘ಎಲ್ಲ ನಿಂದೇ ಕಣೋ’ ಎಂದು ಬಾಯಿಮಾತಿನಲ್ಲಿ ಬಿಟ್ಟುಹೋದ ಅಂಗಡಿ-ಗದ್ದೆಗಳು ಯಾವ ಕೋರ್ಟಿನಲ್ಲಿ ಎಷ್ಟು ವರ್ಷ ಕೂತಿವೆ ಎಂದು ಎಣಿಸಿದೆ. ಹ್ಯಾರಿ ಮಾಡಿದ್ದು ಸರಿ ಅನ್ನಿಸಿತು.

1996ರಲ್ಲಿ ಮ್ಯಾಥ್ಯೂ ಜಪಾನಿನ ಯೊಕೊಹಾಮಾ ಬ್ಯಾಂಕಿನ ಕೈಕೆಳಗಿನ ಹಣಕಾಸು ಸಂಸ್ಥೆಯೊಂದಕ್ಕೆ ಸೂಟಿಯ ಹಕ್ಕುಗಳನ್ನು 14 ಲಕ್ಷ ಪೌಂಡಿಗೆ ಮಾರಿದ. ಏಳೂವರೆ ಶಿಲಿಂಗಿನ ಗೊಂಬೆ ನಲವತ್ತೆಂಟು ವರ್ಷಕ್ಕೆ ಸುಮಾರು 37 ಲಕ್ಷ ಪಟ್ಟು. ಈ ಲೆಕ್ಕವನ್ನು ಯಾರಾದರೂ ಚಿಟ್‌ಫಂಡಿನವರಿಗೆ ತೋರಿಸಬೇಡಿ.

ಮಾರಿದ ಮೇಲೂ ಆಡಿಸಿದವನು ಅವನೇ, 1998ರಲ್ಲಿ ನಿವೃತ್ತನಾಗುವ ತನಕ. ಆಮೇಲೆ ಬಂದವನು ಜಾದೂಗಾರ ರಿಚರ್ಡ್ ಕ್ಯಾಡೆಲ್. 2008ರಲ್ಲಿ ಅವನೇ ಹಕ್ಕುಗಳನ್ನು ಕೊಂಡುಕೊಂಡ. ಬ್ಯಾಂಕಿಗೆ ಮಾರಿಹೋಗಿದ್ದ ಕರಡಿ ಮತ್ತೆ ಕರಡಿ ಆಡಿಸುವವನ ಕೈಗೇ ಬಂತು. ಗೊಂಬೆ ಬ್ಯಾಂಕಿನ ಕಪಾಟಿನಲ್ಲಿರುವುದಕ್ಕಿಂತ ಒಂದು ಕೈಯ ಮೇಲಿರುವುದು ಲೇಸು ಎಂಬುದು ನನ್ನ ಖಾಸಗಿ ಅಭಿಪ್ರಾಯ.

11. ಮನೆ ಬದಲಾದರೂ ಚಾಳಿ ಬದಲಾಯಿಸಬೇಡಿ

ಸೂಟಿ ಬಿಬಿಸಿಯಲ್ಲಿ ಇದ್ದದ್ದು 1967ರವರೆಗೆ. 1968ರಿಂದ ಐಟಿವಿ ವಾಹಿನಿಯಲ್ಲಿ, ಥೇಮ್ಸ್ ಕಂಪನಿಯ ಆಶ್ರಯದಲ್ಲಿ. 1992ರ ಕೊನೆಗೆ ಥೇಮ್ಸ್ ತನ್ನ ಪರವಾನಗಿಯನ್ನೇ ಕಳೆದುಕೊಂಡಾಗ 1993ರಲ್ಲಿ ಗ್ರನಾಡಾ ಕಂಪನಿಗೆ, ಮ್ಯಾಂಚೆಸ್ಟರಿನ ಗುಜರಿ ಅಂಗಡಿಯೊಂದರ ಕಥೆಯಾಗಿ. 1999ರಲ್ಲಿ ಹೋಟೆಲಿನ ಕಥೆಯಾಗಿ. 2011ರಲ್ಲಿ ಕ್ಯಾಡೆಲ್ ಕೈಯಲ್ಲಿ ಹೊಸದಾಗಿ. ಅಂಗಡಿ ಯಾವುದಾದರೇನು, ಹೋಟೆಲಾದರೇನು, ಕರಡಿಯ ಕೈಯಲ್ಲಿ ನೀರುಪಿಸ್ತೂಲು ಇದ್ದೇ ಇತ್ತು.

12. ಕೊನೆಯ ಆಟವನ್ನೂ ಮೊದಲ ಆಟದಂತೆಯೇ ಆಡಿ

ಮಗನಿಗೆ ಮಾರಿದ ಮೇಲೂ ಹ್ಯಾರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಊರೂರು ತಿರುಗಿ ಆಡಿಸುತ್ತಲೇ ಇದ್ದ. 1989ರ ಆಗಸ್ಟ್‌ನಲ್ಲಿ, 71ನೇ ವಯಸ್ಸಿನಲ್ಲಿ, ವೇಮತ್ ಎಂಬ ಕಡಲೂರಿನಲ್ಲಿ ಕಿಕ್ಕಿರಿದ ಸಭೆಗೆ ಆಟ ತೋರಿಸಿದ. ಪ್ರತಿ ಆಟದ ಕೊನೆಗೆ ಅವನದೊಂದು ಮಾಮೂಲು ಮಾತಿತ್ತು, ಎಲ್ಲರಿಗೂ ಬೈಬೈ ಎಂದು ಹೇಳಿ ಮತ್ತೊಮ್ಮೆ ಬೈಬೈ ಎನ್ನುವುದು. ಅವತ್ತೂ ಮಕ್ಕಳಿಗೆ ಹಾಗೆ ಹೇಳಿಯೇ ಇದ್ದಾನು. ಆಮೇಲೆ ಮಲಗಿದವನು ನಿದ್ದೆಯಲ್ಲೇ ತೀರಿಕೊಂಡ.

ಹನ್ನೆರಡಕ್ಕೆ ನಿಲ್ಲಿಸುತ್ತೇನೆ. ಓದಿದ್ದು ಮರೆತರೂ ಚಿಂತೆಯಿಲ್ಲ, ಒಂದು ಕೆಲಸ ಮಾಡಿ. ಮನೆಯಲ್ಲಿ ಜೋಡಿ ತಪ್ಪಿದ ಕಾಲುಚೀಲ ಒಂದಾದರೂ ಇದ್ದೇ ಇರುತ್ತದೆ. ಹುಡುಕಿ ಇವತ್ತು ರಾತ್ರಿ ಕೈಗೆ ಹಾಕಿಕೊಳ್ಳಿ. ಹೊಗೆಮಸಿ ಈಗ ಯಾರ ಅಡುಗೆಮನೆಯಲ್ಲೂ ಸಿಗದು, ಕಣ್ಣಿನ ಕಾಡಿಗೆ ನಡೆಯುತ್ತದೆ. ಮೂಗಿನ ತುದಿಗೆ ಒಂದು ಬೊಟ್ಟು ಇಟ್ಟು ಮಗುವಿನ ಮುಂದೆ ಕೂತು, ಅದು ಏನು ಹೇಳುತ್ತದೋ ಕೇಳಿಸಿಕೊಳ್ಳಿ. ಪಕ್ಕದಲ್ಲಿ ನೀರಿನ ಲೋಟ ಇದ್ದರೆ ಒಂದು ಟವೆಲ್ಲೂ ಇರಲಿ.